ಮೊಣಕಾಲಿನ ನೋವೂ ಸಂಶೋಧನೆಯ ಸರಾಸರಿಯೂ

ಪುಣೆಯ ವಿಮಾನ ನಗರದಲ್ಲಿ ನೌಕರಿ ಹಿಡಿದ ಮಕ್ಕಳ ಮನೆಗೆ ಹುಬ್ಬಳ್ಳಿ, ವಿಜಯಪುರ, ಮೈಸೂರುಗಳಿಂದ ಬಂದು ನೆಲೆಸುವ ತಾಯಂದಿರು ತಮ್ಮೊಡನೆ ತರುವ ಗಂಟುಮೂಟೆಗಳಲ್ಲಿ ಮೊಣಕಾಲಿನ ನೋವೂ ಒಂದಾಗಿರುತ್ತದೆ. ಊರಿನಲ್ಲಿ ಅಂಗಳ, ಹಿತ್ತಿಲು, ನೆರೆಮನೆಯೆಂದು ಓಡಾಡಿಕೊಂಡಿದ್ದ ಕಾಲುಗಳು ಇಲ್ಲಿ ನಾಲ್ಕನೆಯ ಅಂತಸ್ತಿನ ಎರಡು ಕೋಣೆಗಳಿಗೆ ಕಟ್ಟುಬಿದ್ದಾಗ ಬಿಗಿತ ಹೆಚ್ಚುವುದು ಸಹಜವೇ. ಮಗ ರಜೆ ಹಾಕಿ ವೈದ್ಯರಲ್ಲಿಗೆ ಕರೆದೊಯ್ಯುತ್ತಾನೆ. ಕ್ಷಕಿರಣ ಚಿತ್ರದಲ್ಲಿ ಕೀಲು ಸವೆದಿರುವುದು ಕಾಣುತ್ತದೆ. ಭೌತಚಿಕಿತ್ಸೆಗೆ ಚೀಟಿ ದೊರೆಯುತ್ತದೆ; ಜೊತೆಗೆ, ಇನ್ನು ಮುಂದೆ ನೆಲದ ಮೇಲೆ ಕೂರಬಾರದೆಂಬ ಕಟ್ಟಪ್ಪಣೆಯೂ. ನೋವಿಗಿಂತ ಈ ಮಾತೇ ತಾಯಿಗೆ ಹೆಚ್ಚು ನಾಟುತ್ತದೆ. ನಿತ್ಯದ ಪೂಜೆ, ಹಬ್ಬದ ದಿನದ ಪಂಕ್ತಿ, ಮೊಮ್ಮಗುವನ್ನು ಕಾಲಿನ ಮೇಲೆ ಮಲಗಿಸಿ ಎಣ್ಣೆ ನೀವುವುದು ಎಲ್ಲವೂ ನೆಲದ ಮೇಲಿನ ಕಾರ್ಯಗಳೇ ಅಲ್ಲವೆ?

ಮೊಣಕಾಲಿನ ಚಿಕಿತ್ಸೆ ಫಲಿಸಿತೇ ಎಂದು ಅಳೆಯಲು ಸಂಶೋಧಕರು ಜಗತ್ತಿನಾದ್ಯಂತ ಬಳಸುವ ಒಂದು ಪ್ರಶ್ನಾವಳಿಯಿದೆ. ಕೆನಡಾದ ಎರಡು ವಿಶ್ವವಿದ್ಯಾಲಯಗಳ ಹೆಸರು ಹೊತ್ತು 1980ರ ದಶಕದಲ್ಲಿ ಸಿದ್ಧವಾದ ಈ ‘ವೋಮ್ಯಾಕ್’ನಲ್ಲಿ 24 ಪ್ರಶ್ನೆಗಳು: ನೋವಿನ ಬಗ್ಗೆ 5, ಬಿಗಿತದ ಬಗ್ಗೆ 2, ದಿನಚರಿಯ ಬಗ್ಗೆ 17. ಕಾಲುಚೀಲ ಹಾಕಿಕೊಳ್ಳಲು ಕಷ್ಟವೆಷ್ಟು, ತೆಗೆಯಲು ಎಷ್ಟು, ಸ್ನಾನದ ತೊಟ್ಟಿಗೆ ಇಳಿದು ಹತ್ತಲು ಎಷ್ಟು ಎಂದು ಅದು ವಿಚಾರಿಸುತ್ತದೆ. ಚಕ್ಕಳಬಕ್ಕಳ ಹಾಕಿ ಕೂರುವ ಮಾತಾಗಲಿ, ಕುಕ್ಕರುಗಾಲಿನ ಮಾತಾಗಲಿ ಮೂಲದಲ್ಲಿ ಬರುವುದೇ ಇಲ್ಲ. ಕಾಲುಚೀಲವನ್ನೇ ಕಾಣದ ಪಾದಗಳಿಗೆ ಎರಡು ಪ್ರಶ್ನೆಗಳು!

ಈ ಕೊರತೆಯನ್ನು ಪುಣೆಯಲ್ಲಿಯೇ ಗಮನಿಸಿದರೆಂಬುದು ಸಂತೋಷದ ಸಂಗತಿ. ಡಾ. ಅರವಿಂದ ಚೋಪ್ರಾ ಅವರ ಸೆಂಟರ್ ಫಾರ್ ರುಮ್ಯಾಟಿಕ್ ಡಿಸೀಸಸ್ ಸಂಸ್ಥೆಯು ಆ ಪ್ರಶ್ನಾವಳಿಯನ್ನು ಭಾರತೀಯರ ದಿನಚರಿಗೆ ಒಪ್ಪುವಂತೆ ಮಾರ್ಪಡಿಸಿ ತನ್ನ ಅಧ್ಯಯನಗಳಲ್ಲಿ ಬಳಸಿತು. ಪುಣೆ ಜಿಲ್ಲೆಯ ಭಿಗವಣ ಗ್ರಾಮದಲ್ಲಿ 1996ರಲ್ಲಿ ಆರಂಭವಾದ ಸಮೀಕ್ಷೆಯಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ವಯಸ್ಕರ ಕೀಲುನೋವುಗಳ ಲೆಕ್ಕ ಹಿಡಿದದ್ದೂ ಇದೇ ತಂಡ.

ಆದರೂ ಸಂಶೋಧನೆ ಕೊಡುವುದು ಗುಂಪಿನ ಲೆಕ್ಕವನ್ನು. ಮೊಣಕಾಲು ಸವೆತಕ್ಕೆ ವ್ಯಾಯಾಮದ ಬಗ್ಗೆ ನಡೆದ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಯ ಪ್ರಕಾರ ವ್ಯಾಯಾಮದಿಂದ ಅಲ್ಪಾವಧಿಯಲ್ಲಿ ಹಿತವುಂಟು. ಆದರೆ ಸರಾಸರಿಯಲ್ಲಿ ಆ ಹಿತ ದೊಡ್ಡದೇನಲ್ಲ. ಸರಾಸರಿಯೆಂಬುದು ವಿಚಿತ್ರ ಅಂಕಿ. ಒಬ್ಬನ ಖಾತೆಯಲ್ಲಿ ಸಾವಿರ ರೂಪಾಯಿ, ಇನ್ನೊಬ್ಬನಲ್ಲಿ ಸೊನ್ನೆಯಿದ್ದರೆ ಇಬ್ಬರಿಗೂ ಐನೂರು ಉಂಟೆಂದು ಅದು ಹೇಳುತ್ತದೆ. ಎದುರಿಗೆ ಕುಳಿತಿರುವ ತಾಯಿ ಯಾವ ಖಾತೆಯವರೆಂದು ಕಂಡುಕೊಳ್ಳುವುದು ಭೌತಚಿಕಿತ್ಸಕರ ಕಣ್ಣಿಗೂ ಕೈಗೂ ಬಿಟ್ಟ ಕೆಲಸ.

ಹಾಗೆಂದು ಅನುಭವವನ್ನೇ ನಂಬಿ ಕೂರುವಂತೆಯೂ ಇಲ್ಲ. ಸೊಂಟ ಹಿಡಿದವರಿಗೆ ಹಾಸಿಗೆಯ ವಿಶ್ರಾಂತಿಯೇ ಮದ್ದೆಂದು ಅನುಭವಿಗಳಾದ ವೈದ್ಯರು ದಶಕಗಳ ಕಾಲ ವಿಧಿಸಿದರು. ಹೆಲ್ಸಿಂಕಿ ನಗರದ 186 ನೌಕರರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವರನ್ನು ಎರಡು ದಿನ ಮಲಗಿಸಿದರು. ಕೆಲವರಿಗೆ ಬೆನ್ನಿನ ವ್ಯಾಯಾಮ ಕಲಿಸಿದರು. ಉಳಿದವರಿಗೆ ತಾಳಬಲ್ಲಷ್ಟು ಮಟ್ಟಿಗೆ ನಿತ್ಯದ ಕೆಲಸ ಮಾಡಿಕೊಂಡಿರಿ ಎಂದರು. ಬೇಗ ಚೇತರಿಸಿಕೊಂಡವರು ಈ ಕೊನೆಯವರೇ! ಶ್ರವಣಾತೀತ ತರಂಗಗಳ ಯಂತ್ರದ ಕಥೆಯೂ ಹೀಗೆಯೇ. 2001ರ ಒಂದು ವಿಮರ್ಶೆಯು 35 ಪ್ರಯೋಗಗಳನ್ನು ಶೋಧಿಸಿ, 10ನ್ನು ಮಾತ್ರ ಒಪ್ಪತಕ್ಕವೆಂದು ಆರಿಸಿತು; ಅವುಗಳಲ್ಲಿ ಸುಳ್ಳು ಚಿಕಿತ್ಸೆಗಿಂತ ಮೇಲೆಂದು ಕಂಡುಬಂದದ್ದು ಎರಡರಲ್ಲಿ ಮಾತ್ರ. ಯಂತ್ರವಿಲ್ಲದಿದ್ದರೆ ಕೊಟ್ಟ ಹಣ ವ್ಯರ್ಥವೆನ್ನುವ ರೋಗಿಗಳೂ ಇದ್ದಾರೆ. ತಪ್ಪು ಚಿಕಿತ್ಸಕರೊಬ್ಬರದೇ ಅಲ್ಲ.

ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು 1996ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಎರಡನ್ನೂ ಕೂಡಿಸಬೇಕೆಂದೇ ವಾದಿಸಿದರು: ಪುರಾವೆಯಿಲ್ಲದ ಅನುಭವ ಹಳತಾಗುತ್ತದೆ, ಅನುಭವವಿಲ್ಲದ ಪುರಾವೆ ರೋಗಿಗೆ ಹೊಂದದೆ ಹೋಗಬಹುದು. ರೋಗಿಯ ಇಷ್ಟಾನಿಷ್ಟಗಳಿಗೂ ಅವರು ಸ್ಥಾನ ಕೊಟ್ಟರು.

ಇದು ಆಚರಣೆಯಲ್ಲಿ ಕಾಣುವುದು ಹೀಗೆ. ಒಳ್ಳೆಯ ಭೌತಚಿಕಿತ್ಸಕರು ಚಿತ್ರ ನೋಡುವುದಕ್ಕೆ ಮೊದಲು, ಏನು ಮಾಡಲಾಗದೆ ಬಂದಿರಿ ಎಂದು ಕೇಳುತ್ತಾರೆ. ಪೂಜೆಗೆ ಕೂರಬೇಕು ಎಂಬ ಉತ್ತರ ಬಂದರೆ ಅದನ್ನೇ ಗುರಿಯಾಗಿ ಬರೆದುಕೊಳ್ಳುತ್ತಾರೆ. ಮೂವತ್ತು ಸೆಕೆಂಡುಗಳಲ್ಲಿ ಕುರ್ಚಿಯಿಂದ ಕೈಯೂರದೆ ಎಷ್ಟು ಸಲ ಏಳಬಲ್ಲರೆಂದು ಎಣಿಸುತ್ತಾರೆ. ತೊಡೆಯ ಸ್ನಾಯುಗಳಿಗೆ ಬಲ ಬರುವವರೆಗೆ ಎತ್ತರದ ಪೀಠ, ಅನಂತರ ಗಿಡ್ಡ ಮಣೆ, ನೋವು ತಾಳಬಲ್ಲಷ್ಟಿದ್ದರೆ ಗೋಡೆಯ ಆಸರೆಯಲ್ಲಿ ದಪ್ಪ ಜಮಖಾನ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಕೆಲವರ ಕೀಲು ನೆಲಕ್ಕೆ ಒಪ್ಪುವುದೇ ಇಲ್ಲ. ಅಂಥವರಿಗೆ ದೇವರ ಪೀಠವನ್ನೇ ಮೇಲೆತ್ತಿಡಬೇಕಾದೀತು. ಆರು ವಾರಗಳ ಬಳಿಕ ಮತ್ತೆ ಎಣಿಕೆ. ಸಂಖ್ಯೆ ಏರದಿದ್ದರೆ ಕ್ರಮ ಬದಲಾಗಬೇಕು. ಹಳೆಯದನ್ನೇ ಎಳೆಯಲು ಕಾರಣವೇನೆಂದು ಮನೆಯವರು ಸಂಕೋಚವಿಲ್ಲದೆ ಕೇಳಬಹುದು.

ಮೊಣಕಾಲು ಇದ್ದಕ್ಕಿದ್ದಂತೆ ಊದಿ ಕೆಂಪಾದರೆ, ಜ್ವರ ಕೂಡಿದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ ವ್ಯಾಯಾಮವನ್ನು ನಿಲ್ಲಿಸಿ ಅಂದೇ ವೈದ್ಯರನ್ನು ಕಾಣತಕ್ಕದ್ದು.