ಟಾಕೀಸಿನಲ್ಲಿ ಕಂಡ ಕಾಡು

ಬಳಗಾನೂರಿನ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಭತ್ತ, ಎರೆ ಹೊಲ, ಜಾಲಿ ಗಿಡ. ಕಾಡು ಎಂದರೆ ನಮ್ಮ ಮಕ್ಕಳಿಗೆ ಪಠ್ಯಪುಸ್ತಕದ ಒಂದು ಪಾಠ ಅಷ್ಟೆ. ಅಂಥ ಐದು ಮಕ್ಕಳನ್ನು ಕರೆದುಕೊಂಡು 2022ರ ನವೆಂಬರ್ ಎರಡನೇ ವಾರ, ಶಾಲೆ ಬಿಟ್ಟ ಮೇಲೆ, ಸಿಂಧನೂರಿನ ಬಸ್ಸು ಹತ್ತಿದೆ. ನೋಡಬೇಕಾಗಿದ್ದು 'ಗಂಧದ ಗುಡಿ'. 7ರಿಂದ 10ನೇ ತಾರೀಖಿನವರೆಗೆ ಒಂಟಿ ಪರದೆಯ ಚಿತ್ರಮಂದಿರಗಳಲ್ಲಿ ಟಿಕೆಟ್ಟಿಗೆ 56 ರೂಪಾಯಿ, ಮಲ್ಟಿಪ್ಲೆಕ್ಸ್‌ನಲ್ಲಿ 112 ಎಂದು ನಿರ್ಮಾಪಕಿ ಅಶ್ವಿನಿ ಪುನೀತ್ ರಾಜ್‌ಕುಮಾರ್ ಪ್ರಕಟಿಸಿದ್ದರು. ಮಕ್ಕಳೂ ನೋಡಲಿ ಎಂಬುದು ಅವರ ಆಸೆ. ಐದು ಮಕ್ಕಳ ಜವಾಬ್ದಾರಿ ಹೊತ್ತವನಿಗೆ ಆ 56 ರೂಪಾಯಿ ಸಣ್ಣ ಸಂಗತಿಯಲ್ಲ.

ನಾವು ಹೋದದ್ದು ಹಳೆಯ ಟಾಕೀಸು. ಕೊರೊನಾ ಕಾಲದಲ್ಲಿ ಬೀಗ ಬಿದ್ದು, ಆಮೇಲೆ ಮಾಲೀಕರು ಸಾಲಸೋಲ ಮಾಡಿ ರಿಪೇರಿ ಮಾಡಿಸಿ ತೆರೆದದ್ದು. ಸೋರುತ್ತಿದ್ದ ತಗಡು ಹೋಗಿದೆ, ತಿಗಣೆಯ ಬೆಂಚು ಹೋಗಿದೆ, ಪರದೆ ಹೊಸದು. ನನ್ನಂಥವರಿಗೆ ಮಾತ್ರ ಪ್ರೊಜೆಕ್ಟರ್ ಕೋಣೆಯ ಕಿಂಡಿಯ ಕಡೆಗೇ ಕಣ್ಣು. ಹಿಂದೆ ಅಲ್ಲಿ ಇಂಗಾಲದ ಕಡ್ಡಿಗಳು ಉರಿದು ಬೆಳಕು ಕೊಡುತ್ತಿದ್ದವು. ಸೆಕೆಂಡಿಗೆ 24 ಚಿತ್ರಗಳಂತೆ ರೀಲು ಓಡುತ್ತಿತ್ತು; ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷಕ್ಕೆ ಖಾಲಿ. ತುಂಡಾದರೆ ಗಾಂಧಿ ಕ್ಲಾಸಿನಿಂದ ಶಿಳ್ಳೆ. ಈಗ ರೀಲೂ ಇಲ್ಲ, ಡಬ್ಬಿ ಹೊತ್ತು ತರುವವನೂ ಇಲ್ಲ.

ಸಾಕ್ಷ್ಯಚಿತ್ರ ಎಂದೊಡನೆ ಮಕ್ಕಳ ಮೋರೆ ಸಣ್ಣದಾಗಿತ್ತು. ತಪ್ಪು ಅವರದಲ್ಲ, ನಮ್ಮ ತಲೆಮಾರಿನದು. 1948ರಲ್ಲಿ ಆರಂಭವಾದ ಫಿಲ್ಮ್ಸ್ ಡಿವಿಜನ್ನಿನ ಚಿತ್ರಗಳನ್ನು ಪ್ರತಿ ಟಾಕೀಸಿನಲ್ಲೂ ಮುಖ್ಯ ಚಿತ್ರಕ್ಕೆ ಮೊದಲು ಕಡ್ಡಾಯವಾಗಿ ತೋರಿಸುತ್ತಿದ್ದರು. ಅಣೆಕಟ್ಟು, ರಸಗೊಬ್ಬರ, ಸಿಡುಬಿನ ಲಸಿಕೆ. ಅದು ಮುಗಿಯುವ ತನಕ ನಾವು ಹೊರಗೆ ನಿಂತು ಶೇಂಗಾ ತಿನ್ನುತ್ತಿದ್ದೆವು. ಅವುಗಳಲ್ಲಿ ಎಷ್ಟೋ ಒಳ್ಳೆಯ ಚಿತ್ರಗಳಿದ್ದವು ಎಂಬುದು ಗೊತ್ತಾಗುವಷ್ಟರಲ್ಲಿ ಆ ಪದ್ಧತಿಯೇ ಹೋಗಿತ್ತು.

'ಗಂಧದ ಗುಡಿ'ಯ ಹೆಸರು ಹಳೆಯದು. 1973ರಲ್ಲಿ ಡಾ. ರಾಜ್‌ಕುಮಾರ್ ಅರಣ್ಯಾಧಿಕಾರಿಯಾಗಿ ನಟಿಸಿದ ಚಿತ್ರದ ಹೆಸರನ್ನೇ ಮಗ ತನ್ನ ಕೊನೆಯ ಚಿತ್ರಕ್ಕೆ ಇಟ್ಟುಕೊಂಡರು. ನಿರ್ದೇಶಕ ಅಮೋಘವರ್ಷ. ಡೇವಿಡ್ ಅಟೆನ್‌ಬರೊ ನಿರೂಪಣೆಯ 'ವೈಲ್ಡ್ ಕರ್ನಾಟಕ'ವನ್ನು 2020ರಲ್ಲಿ ಕಲ್ಯಾಣ್ ವರ್ಮಾ ಅವರೊಂದಿಗೆ ತೆರೆಗೆ ತಂದವರು. ಇಲ್ಲಿ ಅವರೂ ಪುನೀತ್ ಅವರೂ ಕೂಡಿ ನಾಡು ಸುತ್ತುತ್ತಾರೆ. ಕಥೆಯಿಲ್ಲ, ಹೊಡೆದಾಟವಿಲ್ಲ, ಬಣ್ಣ ಹಚ್ಚಿಕೊಂಡ ಮುಖವಿಲ್ಲ. ನೇತ್ರಾಣಿ ದ್ವೀಪದ ಬಳಿ ಸಮುದ್ರದೊಳಕ್ಕೆ ಇಳಿಯುತ್ತಾರೆ. ಅಪ್ಪ ಬೆಳೆದ ಗಾಜನೂರಿಗೆ ಹೋಗುತ್ತಾರೆ. ಆಗುಂಬೆಯ ಮಳೆಕಾಡಿಗೂ ಬರುತ್ತಾರೆ, ಕಾಳಿಂಗ ಸರ್ಪದ ಸೀಮೆಗೆ.

ನಮ್ಮ ಸಾಲಿನಲ್ಲಿ ಏನಾದರೂ ನಡೆಯಿತು ಎಂದರೆ ಹಾವಿನ ಮಾತು ಬಂದಾಗಲೇ. ಪುನೀತ್ ಅವರಿಗೆ ಹಾವೆಂದರೆ ಭಯ. ಅದನ್ನು ಅವರು ಮುಚ್ಚಿಡುವುದಿಲ್ಲ. ಎಂಟನೇ ಕ್ಲಾಸಿನ ಹುಡುಗ ನನ್ನ ತೋಳು ಹಿಡಿದು, "ಕಾಕಾ, ಅಪ್ಪುಗೂ ಹೆದರಿಕಿ ಆಗ್ತೈತೇನು?" ಎಂದ. ನೂರು ಮಂದಿಯನ್ನು ಒಂದೇ ಕೈಯಲ್ಲಿ ಹೊಡೆದುಹಾಕುವ ಅಪ್ಪುವನ್ನಷ್ಟೇ ಅವನು ಕಂಡಿದ್ದ. "ಆಗ್ತೈತಪ್ಪ, ಎಲ್ಲಾರ್ಗೂ ಆಗ್ತೈತಿ" ಎಂದೆ. ಅವನು ಆಮೇಲೆ ಮಾತಾಡಲಿಲ್ಲ.

ಮಾತಾಡದವರು ಇನ್ನೂ ಬಹಳ ಮಂದಿ ಇದ್ದರು. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ಪುನೀತ್ ತೀರಿಕೊಂಡರು. ಒಂದು ವರ್ಷ ತುಂಬುವ ಮುನ್ನಾದಿನ, 2022ರ ಅಕ್ಟೋಬರ್ 28ಕ್ಕೆ ಚಿತ್ರ ತೆರೆಗೆ ಬಂತು. ಅವರು ಪರದೆಯ ಮೇಲೆ ನಕ್ಕಾಗೆಲ್ಲ ಕೆಳಗೆ ಮೂಗು ಒರೆಸಿಕೊಳ್ಳುವ ಸದ್ದು. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ತಾಯಿ ಸೆರಗು ಬಾಯಿಗಿಟ್ಟುಕೊಂಡೇ ಕೂತಿದ್ದರು. ಮನೆಯಲ್ಲಿ ಮೊಬೈಲಿನಲ್ಲಿ ನೋಡಿದ್ದರೆ ಅಷ್ಟು ಅಳು ಬರುತ್ತಿತ್ತೋ ಇಲ್ಲವೋ. ಗೊತ್ತಿಲ್ಲದವರ ಜೊತೆ ಕತ್ತಲಲ್ಲಿ ಕೂತು ಅಳುವುದಕ್ಕೆ ಟಾಕೀಸೇ ಬೇಕು.

ಒಂದು ಮಾತು ಪಾಲಕರಿಗೆ. ಆ ಕಾಡು ನಮಗೆ ಸಂಬಂಧವಿಲ್ಲದ್ದೇನಲ್ಲ. ತುಂಗೆ, ಭದ್ರೆ ಎರಡೂ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಕೂಡ್ಲಿಯಲ್ಲಿ ಕೂಡಿ, ಹೊಸಪೇಟೆಯ ಅಣೆಕಟ್ಟಿಗೆ ಬರುತ್ತವೆ. ಅಲ್ಲಿಂದ ಎಡದಂಡೆ ಕಾಲುವೆ ಹಿಡಿದು ನಮ್ಮ ಸೀಮೆಗೆ. ಆಗುಂಬೆ ಕಡೆಯ ಮಾಲತಿ ನದಿಯೂ ತುಂಗೆಗೇ ಸೇರುತ್ತದೆ. ಪರದೆಯ ಮೇಲೆ ಸುರಿದ ಮಳೆಯಲ್ಲಿ ನಮ್ಮ ಭತ್ತದ ಪಾಲೂ ಇದೆ. ಇದನ್ನು ಭೂಗೋಳದ ಪಾಠದಲ್ಲಿ ಹೇಳಿದಾಗ ಆಕಳಿಸಿದ್ದ ಹುಡುಗಿ, ಬಸ್‌ಸ್ಟ್ಯಾಂಡಿನಲ್ಲಿ ಹೇಳಿದಾಗ ಮೂರು ಪ್ರಶ್ನೆ ಕೇಳಿದಳು. ಕಾಡು ಕಡಿದರೆ ಕಾಲುವೆಗೆ ನೀರು ಬರುವುದಿಲ್ಲವೇ ಎಂಬುದು ಒಂದು. ಅದಕ್ಕೆ ಉತ್ತರಿಸುವಷ್ಟರಲ್ಲಿ ಬಸ್ಸು ಬಂತು.

ಹೊರಡುವಾಗ ಟಾಕೀಸಿನ ಮಾಲೀಕರನ್ನು ವ್ಯಾಪಾರದ ಬಗ್ಗೆ ಕೇಳಿದ್ದೆ. "ಹುಡುಗರು ಬಂದಾರ್ರಿ, ಅಷ್ಟ ಸಾಕು" ಎಂದು ಗೇಟಿನ ಚಿಲಕ ಹಾಕಿದರು. ಅರ್ಧ ಸೀಟು ಖಾಲಿಯಿದ್ದದ್ದನ್ನು ಇಬ್ಬರೂ ಕಂಡಿದ್ದೆವು. ಶುಕ್ರವಾರ ಚಿತ್ರ ಬದಲಾಯಿತು.