ಕಾರಿನ ಸಪ್ಪಳದ ಮೂಲ ಹುಡುಕೋಣ

ವಿದ್ಯಾರ್ಥಿಗಳೇ, ಸಿಂಧನೂರು ಕಡೆಯ ಗದ್ದೆಗಳಲ್ಲಿ ಉಳುಮೆಯ ಕಾಲಕ್ಕೆ ಬೆಳಗಿನಿಂದಲೇ ಟ್ರ್ಯಾಕ್ಟರ್‌ಗಳ ಸಪ್ಪಳ ಕೇಳಿಸುತ್ತದೆ. ದಿನವೂ ಟ್ರ್ಯಾಕ್ಟರ್ ಓಡಿಸುವವರನ್ನು ಗಮನಿಸಿದ್ದೀರಾ? ಸಪ್ಪಳ ಸ್ವಲ್ಪ ಬದಲಾದರೂ ಅವರು ಗಾಡಿ ನಿಲ್ಲಿಸಿ ಇಳಿದು ನೋಡುತ್ತಾರೆ. ಏಕೆಂದರೆ ಯಂತ್ರ ಪೂರ್ತಿ ಕೆಡುವ ಮೊದಲು ಎಷ್ಟೋ ಸಲ ಸಪ್ಪಳದ ಮೂಲಕ ಸೂಚನೆ ಕೊಡುತ್ತದೆ. ಆ ಸೂಚನೆ ಎಲ್ಲಿಂದ ಬಂತೆಂದು ಕಂಡುಹಿಡಿಯುವುದು ಹೇಗೆ? ಮನೆಯ ಕಾರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಕಿವಿ ಏಕೆ ಮೋಸಹೋಗುತ್ತದೆ?

ವಸ್ತುವು ಕಂಪಿಸಿದಾಗ ಸಪ್ಪಳ ಹುಟ್ಟುತ್ತದೆ. ಅದು ಬಲಗಡೆಯಿಂದ ಬಂದರೆ ಬಲಗಿವಿಗೆ ಕ್ಷಣದ ಒಂದು ಸಣ್ಣ ಪಾಲಿನಷ್ಟು ಮೊದಲು ತಲುಪುತ್ತದೆ. ಈ ಸಣ್ಣ ವ್ಯತ್ಯಾಸದಿಂದಲೇ ನಮ್ಮ ಮೆದುಳು ದಿಕ್ಕನ್ನು ಗುರುತಿಸುತ್ತದೆ.

ಇದೇ ತತ್ತ್ವವನ್ನು ಗಣಿಗಳಲ್ಲಿಯೂ ಬಳಸಿದ್ದಾರೆ. ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿರುವಂತೆ ಕೋಲಾರದಲ್ಲಿಯೂ ಚಿನ್ನದ ಗಣಿಗಳಿದ್ದವು. 2001ರಲ್ಲಿ ಅವು ಮುಚ್ಚಿದವು. ಅಲ್ಲಿ ಬಹಳ ಆಳದಲ್ಲಿ ಒತ್ತಡ ತಾಳಲಾರದೆ ಬಂಡೆಗಳು ಸಿಡಿಯುತ್ತಿದ್ದವು. ವಿಜ್ಞಾನಿಗಳು ಬೇರೆ ಬೇರೆ ಕಡೆ ಕಂಪನ ಅಳೆಯುವ ಉಪಕರಣಗಳನ್ನು ಇಟ್ಟಿದ್ದರು. ಕಂಪನ ಯಾವ ಉಪಕರಣಕ್ಕೆ ಮೊದಲು ತಲುಪಿತು, ಯಾವುದಕ್ಕೆ ನಂತರ ತಲುಪಿತು ಎಂಬುದನ್ನು ಹೋಲಿಸಿ ಬಂಡೆ ಸಿಡಿದ ಜಾಗವನ್ನು ಲೆಕ್ಕ ಹಾಕುತ್ತಿದ್ದರು.

ಆದರೆ ಕಾರಿನೊಳಗೆ ಕುಳಿತಾಗ ನಮ್ಮ ಎರಡು ಕಿವಿಗಳು ಸಾಲುವುದಿಲ್ಲ. ಸಪ್ಪಳ ಕಾರಿನ ಲೋಹದ ಮೈಯೊಳಗೆ ಹರಿಯುತ್ತದೆ, ಗಾಜಿಗೆ ಬಡಿದು ಪ್ರತಿಫಲಿಸುತ್ತದೆ. ಹಿಂದಿನ ಗಾಲಿಯ ಸದ್ದು ಕಾಲಬುಡದಲ್ಲಿ ಕೇಳಿದಂತೆ ಅನಿಸಬಹುದು. ಆದ್ದರಿಂದ "ಎಲ್ಲಿ?" ಎಂದು ಕೇಳುವ ಮೊದಲು "ಯಾವಾಗ?" ಎಂದು ಕೇಳಬೇಕು.

ಒಮ್ಮೆಗೆ ಒಂದೇ ಬದಲಾವಣೆ

ನಮ್ಮ ಮನೆಯ ಕಾರಿನಲ್ಲಿ ಒಮ್ಮೆ "ಟಿಕ್ ಟಿಕ್" ಎಂಬ ಸಪ್ಪಳ ಶುರುವಾಯಿತು. ಎಂಜಿನ್ ಕೆಟ್ಟಿದೆ ಎಂದರು ಒಬ್ಬರು. ಬ್ರೇಕ್ ಹಿಡಿದಿದೆ ಎಂದರು ಇನ್ನೊಬ್ಬರು. ಬೇರಿಂಗ್ ಬದಲಿಸಿಬಿಡಿ ಎಂದರು ಮತ್ತೊಬ್ಬರು. ಮೂವರ ಮಾತು ಕೇಳಿ ಮೂರನ್ನೂ ಬಿಚ್ಚಿಸಿದ್ದರೆ ಸಾವಿರಾರು ರೂಪಾಯಿ ಖರ್ಚಾಗುತ್ತಿತ್ತು. ಅದರ ಬದಲು ಖಾಲಿ ಬಯಲಿನಲ್ಲಿ ಕೆಲವು ಪರೀಕ್ಷೆಗಳನ್ನು ಮಾಡಿದೆವು. ಪ್ರತಿ ಸಲವೂ ಒಂದೇ ಒಂದು ಅಂಶ ಬದಲಿಸಿದೆವು. ಉಳಿದದ್ದೆಲ್ಲ ಹಾಗೆಯೇ ಇರಲು ಬಿಟ್ಟೆವು.

1. ಕಾರು ನಿಂತಿದ್ದಾಗ ಎಂಜಿನ್ ವೇಗ ಹೆಚ್ಚಿಸಿದೆವು. ಟಿಕ್ ಸದ್ದು ಇಲ್ಲ.
2. ನಿಧಾನವಾಗಿ ಓಡಿಸಿದೆವು. ಸದ್ದು ಬಂತು. ವೇಗ ಹೆಚ್ಚಿದಂತೆ ಟಿಕ್‌ಗಳು ಹತ್ತಿರ ಹತ್ತಿರವಾದವು.
3. ಓಡುವಾಗ ಬ್ರೇಕನ್ನು ಮೆಲ್ಲಗೆ ಒತ್ತಿದೆವು. ಸದ್ದಿನ ಬಗೆ ಬದಲಾಗಲಿಲ್ಲ.
4. ಎಡಕ್ಕೆ, ಬಲಕ್ಕೆ ತಿರುಗಿಸಿದೆವು. ಆಗಲೂ ಬದಲಾಗಲಿಲ್ಲ.

ಇದರಿಂದ ಏನು ತಿಳಿಯಿತು? ನಿಂತ ಕಾರಿನಲ್ಲಿ ಎಂಜಿನ್ ತಿರುಗುತ್ತಿದ್ದರೂ ಸದ್ದಿಲ್ಲ. ಗಾಲಿ ತಿರುಗಿದರೆ ಮಾತ್ರ ಸದ್ದು. ಆದ್ದರಿಂದ ಅನುಮಾನ ಗಾಲಿಯ ಮೇಲೆ ಬಂತು.

ಲೆಕ್ಕವೂ ಸಾಕ್ಷಿ ಹೇಳಿತು

ಅನುಮಾನ ಸರಿಯೇ ಎಂದು ತಿಳಿಯಲು ಎಣಿಕೆ ಬೇಕು. ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಗಾಲಿ ಒಂದು ಸುತ್ತು ತಿರುಗುವಷ್ಟು ಕಾರನ್ನು ತಳ್ಳಿದೆವು. ಕಾರು ಸಾಗಿದ ದೂರ 1.8 ಮೀಟರ್. ಅಂದರೆ ಅದು ಗಾಲಿಯ ಸುತ್ತಳತೆ.

ಗಂಟೆಗೆ 10 ಕಿಲೋಮೀಟರ್ ವೇಗವೆಂದರೆ 3,600 ಸೆಕೆಂಡಿಗೆ 10,000 ಮೀಟರ್. 10 ಸೆಕೆಂಡಿಗೆ ಸುಮಾರು 28 ಮೀಟರ್. ಇದನ್ನು 1.8ರಿಂದ ಭಾಗಿಸಿದರೆ ಗಾಲಿ 15ರಿಂದ 16 ಸುತ್ತು ತಿರುಗಬೇಕು. ಅದೇ ವೇಗದಲ್ಲಿ ಓಡಿಸಿ 10 ಸೆಕೆಂಡು ಟಿಕ್‌ಗಳನ್ನು ಎಣಿಸಿದೆವು. ಒಮ್ಮೆ 15, ಇನ್ನೊಮ್ಮೆ 16 ಬಂತು! ಸುತ್ತಿಗೆ ಒಂದು ಟಿಕ್ ಎಂದಾಯಿತು. ಎಂಜಿನ್ ಆಗಿದ್ದರೆ ಈ ಲೆಕ್ಕ ಕೂಡುತ್ತಿರಲಿಲ್ಲ. ಕಾರು ಸುಮ್ಮನೆ ನಿಂತಾಗಲೂ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು, ಅಂದರೆ 10 ಸೆಕೆಂಡಿಗೆ 130ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ.

ಇನ್ನು ಉಳಿದದ್ದು ಯಾವ ಗಾಲಿ ಎಂಬ ಪ್ರಶ್ನೆ. ಸಿಮೆಂಟ್ ಅಂಗಳದಲ್ಲಿ ದೊಡ್ಡವರು ಕಾರನ್ನು ಮೆಲ್ಲಗೆ ತಳ್ಳಿದರು. ಪ್ರತಿ ಗಾಲಿಯಿಂದ ಸ್ವಲ್ಪ ದೂರದಲ್ಲಿ ಒಬ್ಬೊಬ್ಬರು ನಿಂತು ಆಲಿಸಿದರು. ಹಿಂದಿನ ಎಡಗಾಲಿ ಸಿಕ್ಕಿಬಿತ್ತು. ಅದರ ಟೈರಿನಲ್ಲಿ ಒಂದು ಮೊಳೆ ಹೊಕ್ಕಿತ್ತು. ಅದರ ತಲೆ ರಸ್ತೆಗೆ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಪ್ರತಿ ಸುತ್ತಿನಲ್ಲೂ ಅದು ಒಮ್ಮೆ ನೆಲಕ್ಕೆ ತಾಗಿ "ಟಿಕ್" ಎನ್ನುತ್ತಿತ್ತು.

ಮೊಳೆಯ ಸುತ್ತ ಸಾಬೂನಿನ ನೀರು ಹಚ್ಚಿದಾಗ ಸಣ್ಣ ಗುಳ್ಳೆಗಳು ಎದ್ದವು. ಗಾಳಿ ನಿಧಾನವಾಗಿ ಸೋರುತ್ತಿತ್ತು! ಗಾಳಿ ಕಡಿಮೆಯಾದ ಟೈರು ಓಡುವಾಗ ಹೆಚ್ಚು ಹೆಚ್ಚು ಬಾಗುತ್ತದೆ, ಇದರಿಂದ ಬಿಸಿಯಾಗುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಜೋಡಿಸುವ ಹೆದ್ದಾರಿಯಲ್ಲಿ ಜೋರಾಗಿ ಹೋಗುವಾಗ ಅಂಥ ಟೈರು ಸಿಡಿದರೆ ಒಳಗಿದ್ದವರ ಪ್ರಾಣಕ್ಕೇ ಅಪಾಯ. ಮೊಳೆಯನ್ನು ಮನೆಯಲ್ಲಿ ಕೀಳಲಿಲ್ಲ. ಕಿತ್ತರೆ ಗಾಳಿಯೆಲ್ಲ ಬೇಗ ಹೋಗಿಬಿಡುತ್ತದೆ. ಗಾಲಿಯನ್ನು ಬಿಚ್ಚಿ ಪಂಕ್ಚರ್ ಅಂಗಡಿಗೆ ಒಯ್ದು ಸರಿಮಾಡಿಸಲಾಯಿತು.

ಬೇರೆ ಸಪ್ಪಳಗಳು ಏನು ಹೇಳುತ್ತವೆ?

ಬ್ರೇಕ್ ಹಾಕಿದಾಗ "ಕೀ…" ಎಂಬ ಸದ್ದು: ಅನೇಕ ಕಾರುಗಳ ಬ್ರೇಕ್ ಪ್ಯಾಡಿನಲ್ಲಿ ತೆಳುವಾದ ಲೋಹದ ಪಟ್ಟಿ ಇರುತ್ತದೆ. ಪ್ಯಾಡ್ ಸವೆದಾಗ ಆ ಪಟ್ಟಿ ಡಿಸ್ಕಿಗೆ ತಾಗಿ ಕಿರುಚಲೆಂದೇ ಅದನ್ನು ಇಟ್ಟಿರುತ್ತಾರೆ. ತಕ್ಷಣ ತೋರಿಸಬೇಕು.

ಒಂದೇ ವೇಗದಲ್ಲಿ ಮಾತ್ರ "ಝರ್‍ರ್" ಸದ್ದು: ಪ್ರತಿ ವಸ್ತುವಿಗೂ ತನ್ನದೇ ಆದ ಕಂಪನದ ಲಯವಿದೆ. ಎಂಜಿನ್‌ನ ಕಂಪನ ಆ ಲಯಕ್ಕೆ ಹೊಂದಿದಾಗ ಸಡಿಲವಾದ ಭಾಗ ಜೋರಾಗಿ ನಡುಗುತ್ತದೆ. ಇದೇ ಅನುರಣನ. ಕೈಯಿಂದ ಒತ್ತಿ ಹಿಡಿದಾಗ ನಿಂತರೆ ಮೂಲ ಅಲ್ಲಿಯೇ ಇದೆ.

ಕಾರು ನಿಲ್ಲಿಸಿದ ಮೇಲೆ "ಟಕ್… ಟಕ್…": ಬಿಸಿಯಾಗಿ ಹಿಗ್ಗಿದ್ದ ಲೋಹದ ಹೊಗೆಕೊಳವೆ ತಣಿದು ಕುಗ್ಗುವ ಸದ್ದು. ಭಯ ಬೇಡ.

ಮೆಕ್ಯಾನಿಕ್‌ನ ಸ್ಟೆತಸ್ಕೋಪ್

ಕೆಲವು ಮೆಕ್ಯಾನಿಕ್‌ಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗೆ ತಾಗಿಸಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಳ್ಳುತ್ತಾರೆ. ಗಾಳಿಯಲ್ಲಿ ಸದ್ದು ಎಲ್ಲ ಕಡೆ ಹರಡಿ ಕ್ಷೀಣಿಸುತ್ತದೆ. ಕಂಬಿಯಲ್ಲಾದರೆ ತಾಗಿದ ಜಾಗದ ಕಂಪನ ನೇರವಾಗಿ ಕಿವಿಗೆ ಬರುತ್ತದೆ. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಬಡಿತ ಕೇಳಿದರು. ಸ್ಟೆತಸ್ಕೋಪ್ ಹುಟ್ಟಿದ್ದು ಹೀಗೆ.

ಎಚ್ಚರಿಕೆ: ಚಾಲೂ ಇರುವ ಎಂಜಿನ್ ಹತ್ತಿರ ಕೈ, ದುಪಟ್ಟಾ, ಜಡೆ ಒಯ್ಯಬೇಡಿ. ಜಾಕ್ ಮೇಲೆ ನಿಲ್ಲಿಸಿದ ಕಾರಿನ ಕೆಳಗೆ ಎಂದೂ ಹೋಗಬೇಡಿ.

ನೀವೇ ಮಾಡಿ ನೋಡಿ

ಸಪ್ಪಳ ಮಾಡುವ ಸೈಕಲ್ ಒಂದನ್ನು ಆರಿಸಿ. ಸದ್ದು ಪೆಡಲಿನ ಸುತ್ತಿಗೆ ಒಮ್ಮೆ ಬರುತ್ತದೆಯೋ, ಗಾಲಿಯ ಸುತ್ತಿಗೆ ಒಮ್ಮೆ ಬರುತ್ತದೆಯೋ ಎಣಿಸಿ. ಪೆಡಲ್ ತುಳಿಯುವುದನ್ನು ನಿಲ್ಲಿಸಿದಾಗ ಏನಾಗುತ್ತದೆ? ಕಂಡದ್ದನ್ನೆಲ್ಲ ಪಟ್ಟಿಮಾಡಿ. ನಿಮ್ಮ ಊಹೆಯನ್ನು ಮೊದಲು ಬರೆದಿಡಿ, ನಂತರ ಸೈಕಲ್ ಅಂಗಡಿಯಲ್ಲಿ ತೋರಿಸಿ. ಊಹೆ ತಪ್ಪಾಗಿದ್ದರೆ ಯಾವ ಪರೀಕ್ಷೆ ಬಿಟ್ಟುಹೋಗಿತ್ತು ಎಂದು ತರಗತಿಯಲ್ಲಿ ಚರ್ಚಿಸಿ.