ಕೈಗಾರಿಕಾ ನಿಯಂತ್ರಣ ಉಪಕರಣಗಳ ಉನ್ನತೀಕರಣ ಮತ್ತು ಪೂರೈಕೆದಾರರ ಆಯ್ಕೆ

ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಹಳೆಯ ನಿಯಂತ್ರಣ ಉಪಕರಣಗಳ ಸ್ಥಾನದಲ್ಲಿ ಹೊಸ ತಲೆಮಾರಿನವುಗಳನ್ನು ಅಳವಡಿಸುವುದನ್ನು ಉನ್ನತೀಕರಣ ಎನ್ನುತ್ತಾರೆ. ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್ (ಪಿಎಲ್‌ಸಿ), ನಿರ್ವಾಹಕರ ಪರದೆ ಹಾಗೂ ಮೋಟಾರಿನ ವೇಗವನ್ನು ನಿಯಂತ್ರಿಸುವ ಡ್ರೈವ್ ಇಂತಹ ಮುಖ್ಯ ಉಪಕರಣಗಳು. ಹಿಂದಿನ ಪೂರೈಕೆದಾರರನ್ನೇ ಮುಂದುವರಿಸಬೇಕೆ ಅಥವಾ ಬದಲಾಯಿಸಬೇಕೆ ಎಂಬ ನಿರ್ಧಾರದಲ್ಲಿ ಉಪಕರಣದ ಬೆಲೆಯ ಜೊತೆಗೆ ಪ್ರೋಗ್ರಾಂ, ತಂತಿ ಜೋಡಣೆ, ತರಬೇತಿ ಮತ್ತು ಉತ್ಪಾದನೆ ನಿಲ್ಲುವ ಅವಧಿಯ ವೆಚ್ಚವನ್ನೂ ಪರಿಗಣಿಸಬೇಕಾಗುತ್ತದೆ.

ಹಿನ್ನೆಲೆ

ಪಿಎಲ್‌ಸಿ 1960ರ ದಶಕದ ಕೊನೆಯಲ್ಲಿ ಅಮೆರಿಕದ ವಾಹನ ಉದ್ಯಮಕ್ಕಾಗಿ ರೂಪುಗೊಂಡಿತು. ಯಂತ್ರದ ಲೋಹದ ಭಾಗಗಳು ಹಲವು ದಶಕ ಬಾಳಿದರೂ ಅದರ ಪಿಎಲ್‌ಸಿಯ ತಯಾರಿಕೆ ಅದಕ್ಕೂ ಮೊದಲೇ ನಿಲ್ಲಬಹುದು. ಅಲೆನ್-ಬ್ರಾಡ್ಲಿ ಸಂಸ್ಥೆಯ ಪಿಎಲ್‌ಸಿ-5 ಸರಣಿ 2017ರಲ್ಲಿ ನಿಂತಿತು. ಸೀಮೆನ್ಸ್ ಸಂಸ್ಥೆಯು ಎಸ್7-300 ಸರಣಿಯನ್ನು 2023ರ ಅಕ್ಟೋಬರ್‌ನಿಂದ ಹಂತಹಂತವಾಗಿ ಹಿಂತೆಗೆದುಕೊಳ್ಳತೊಡಗಿತು.

ಮೈಸೂರಿನ ಸಂದರ್ಭ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿ ಮತ್ತು ಕೂರ್ಗಳ್ಳಿ ಪ್ರದೇಶಗಳಲ್ಲಿ ಹಲವು ಕೈಗಾರಿಕೆಗಳಿವೆ. ಹಿಂದಿನ ವಿಕ್ರಾಂತ್ ಟೈರ್ಸ್, ಈಗಿನ ಜೆಕೆ ಟೈರ್, ಹಾಗೂ ವಾಹನಗಳ ಆಕ್ಸಲ್ ತಯಾರಿಸುವ ಆಟೊಮೋಟಿವ್ ಆಕ್ಸಲ್ಸ್ ಇಲ್ಲಿನ ಪ್ರಮುಖ ಕಾರ್ಖಾನೆಗಳು. ಟೈರ್ ತಯಾರಿಕೆಯಲ್ಲಿ ರಬ್ಬರನ್ನು ಅಚ್ಚಿನಲ್ಲಿ ಹದಗೊಳಿಸುವಾಗ ಉಷ್ಣತೆ, ಒತ್ತಡ ಮತ್ತು ಸಮಯ ನಿಗದಿತ ಮಿತಿಯಲ್ಲಿರಬೇಕು. ನಿಯಂತ್ರಣ ನಡುವೆ ತಪ್ಪಿದರೆ ಅಚ್ಚಿನಲ್ಲಿರುವ ಟೈರ್ ನಿರುಪಯುಕ್ತವಾಗಬಹುದು. ಆದ್ದರಿಂದ ದುರಸ್ತಿಗೆ ತಗಲುವ ಸಮಯ ಮುಖ್ಯವಾಗುತ್ತದೆ. ತಜ್ಞರು ಸುಮಾರು 140 ಕಿ.ಮೀ. ದೂರದ ಬೆಂಗಳೂರಿನಿಂದ ಬರಬೇಕಾದರೆ ಕಾರ್ಖಾನೆಯ ಸಿಬ್ಬಂದಿಗೆ ಪರಿಚಿತವಾದ ಉಪಕರಣವೇ ಹೆಚ್ಚು ಅನುಕೂಲಕರ.

ಗ್ರಾಹಕರು ಬಯಸದಿದ್ದರೂ ಪೂರೈಕೆದಾರರು ಬದಲಾಗುವುದುಂಟು. ಮೈಸೂರಿನಲ್ಲಿ ವಿದ್ಯುತ್ ಮೀಟರ್ ತಯಾರಿಸುತ್ತಿದ್ದ ಲಾರ್ಸನ್ ಅಂಡ್ ಟೂಬ್ರೊ ತನ್ನ ವಿದ್ಯುತ್ ಮತ್ತು ಆಟೊಮೇಷನ್ ವ್ಯವಹಾರವನ್ನು 2020ರಲ್ಲಿ ಶ್ನೈಡರ್ ಎಲೆಕ್ಟ್ರಿಕ್ ಸಂಸ್ಥೆಗೆ ಮಾರಿತು.

ಹಳೆಯ ಪೂರೈಕೆದಾರರನ್ನು ಮುಂದುವರಿಸುವುದು

ಒಂದೇ ಸಂಸ್ಥೆಯ ಹೊಸ ಸರಣಿಗೆ ಹೋದಾಗ ಹಳೆಯ ಪ್ರೋಗ್ರಾಂ ಅನ್ನು ಪರಿವರ್ತಿಸುವ ತಂತ್ರಾಂಶ ದೊರೆಯಬಹುದು. ಕೆಲವು ಸರಣಿಗಳಲ್ಲಿ ಸಂವೇದಕಗಳಿಂದ ಬಂದ ತಂತಿಗಳನ್ನು ಬಿಚ್ಚದೆ ಹೊಸ ಉಪಕರಣಕ್ಕೆ ಜೋಡಿಸಲು ವಿಶೇಷ ಕನೆಕ್ಟರ್‌ಗಳಿವೆ. ಆದರೂ ಪರಿವರ್ತಿತ ಪ್ರೋಗ್ರಾಂ ಅನ್ನು ಪೂರ್ಣವಾಗಿ ಪರೀಕ್ಷಿಸುವುದು ಅಗತ್ಯ. ಒಂದೇ ಸಂಸ್ಥೆಯ ಮೇಲಿನ ಅವಲಂಬನೆ ಮುಂದುವರಿಯುವುದು ಇದರ ಮುಖ್ಯ ಮಿತಿ.

ಪೂರೈಕೆದಾರರನ್ನು ಬದಲಾಯಿಸುವುದು

ಪಿಎಲ್‌ಸಿ ಭಾಷೆಗಳಿಗಾಗಿ ಐಇಸಿ 61131-3 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಆದರೆ ಇದರಿಂದ ಒಂದು ಸಂಸ್ಥೆಯ ಪ್ರೋಗ್ರಾಂ ಮತ್ತೊಂದರಲ್ಲಿ ನೇರವಾಗಿ ನಡೆಯುವುದಿಲ್ಲ. ವಿಳಾಸ ಪದ್ಧತಿ, ಸಂವಹನ ಆದೇಶಗಳು ಮತ್ತು ಸಿದ್ಧ ಲೈಬ್ರರಿಗಳು ಭಿನ್ನವಾಗಿರುವುದರಿಂದ ಬಹುಭಾಗವನ್ನು ಮರಳಿ ಬರೆಯಬೇಕಾಗುತ್ತದೆ. ಬಿಡಿಭಾಗಗಳ ಸಂಗ್ರಹ ಮತ್ತು ತರಬೇತಿಯೂ ಹೊಸದಾಗಿ ಆಗಬೇಕು.

ಮೂಲ ಪ್ರೋಗ್ರಾಂ ಕಾರ್ಖಾನೆಯ ಬಳಿ ಇಲ್ಲದಿದ್ದರೆ ಪರಿಸ್ಥಿತಿ ಬೇರೆಯಾಗುತ್ತದೆ. ಯಂತ್ರ ತಯಾರಕರು ಅದನ್ನು ಪಾಸ್‌ವರ್ಡ್‌ನಿಂದ ರಕ್ಷಿಸಿದ್ದಾಗ ಇಂತಹ ಸ್ಥಿತಿ ಉಂಟಾಗಬಹುದು. ಆಗ ಪರಿವರ್ತನೆ ಸಾಧ್ಯವಾಗದೆ ಯಾವುದೇ ಸಂಸ್ಥೆಯ ಉಪಕರಣಕ್ಕೂ ಪ್ರೋಗ್ರಾಂ ಹೊಸದಾಗಿ ಬರೆಯಬೇಕಾಗುತ್ತದೆ. ಹಳೆಯ ಪೂರೈಕೆದಾರರಿಂದ ದೊರೆಯುವ ಬಹುದೊಡ್ಡ ಅನುಕೂಲ ಇಲ್ಲವಾಗುತ್ತದೆ.

ನಿರ್ಧಾರದ ಕ್ರಮ

ಮೊದಲಿಗೆ ಯಾವ ಉಪಕರಣದ ಬಿಡಿಭಾಗ ಎಷ್ಟು ವರ್ಷ ದೊರೆಯುತ್ತದೆ, ಯಾವ ಪ್ರೋಗ್ರಾಂನ ಪ್ರತಿ ಲಭ್ಯವಿದೆ ಎಂಬುದನ್ನು ಪಟ್ಟಿ ಮಾಡಲಾಗುತ್ತದೆ. ನಂತರ ಎರಡೂ ಆಯ್ಕೆಗಳ 10 ಅಥವಾ 15 ವರ್ಷಗಳ ಒಟ್ಟು ವೆಚ್ಚವನ್ನು ಹೋಲಿಸಲಾಗುತ್ತದೆ. ಬದಲಾಯಿಸಲು ನಿರ್ಧರಿಸಿದರೆ ಮೊದಲು ಒಂದು ಯಂತ್ರದಲ್ಲಿ ಪ್ರಯೋಗಿಸಿ, ದಸರಾ ರಜೆ ಅಥವಾ ವಾರ್ಷಿಕ ನಿರ್ವಹಣೆಯಂತಹ ಬಿಡುವಿನಲ್ಲಿ ಉಳಿದವುಗಳಿಗೆ ವಿಸ್ತರಿಸಬಹುದು. ಹೊಸ ವ್ಯವಸ್ಥೆ ಸ್ಥಿರವಾಗುವವರೆಗೆ ಹಳೆಯ ಉಪಕರಣವನ್ನು ಮರುಜೋಡಣೆಗೆ ಸಿದ್ಧವಾಗಿ ಇಟ್ಟುಕೊಳ್ಳುವುದು ಸೂಕ್ತ. ಖರೀದಿ ಒಪ್ಪಂದದಲ್ಲಿ ಟಿಪ್ಪಣಿಸಹಿತ ಮೂಲ ಪ್ರೋಗ್ರಾಂ ಮತ್ತು ಪಾಸ್‌ವರ್ಡ್‌ಗಳನ್ನು ಕಾರ್ಖಾನೆಗೆ ಒಪ್ಪಿಸುವ ಷರತ್ತು ಇದ್ದರೆ ಮುಂದಿನ ಉನ್ನತೀಕರಣದಲ್ಲಿ ಆಯ್ಕೆಯ ಸ್ವಾತಂತ್ರ್ಯ ಉಳಿಯುತ್ತದೆ.